ಖರಾಬು

ಆರೂಕಾಲಕ್ಕೆ ಬೇಲಿಯ ಬಾಗಿಲಲ್ಲಿ ಹನ್ನೊಂದು ಜನ.
"ಚಪ್ಪಲಿ ಇರಲಿ, ಮಾತು ಮಾತ್ರ ಇಲ್ಲೇ ಬಿಡ್ರಿ,"
ಅಂದಳು ಹುಲಿಗೆವ್ವ.
ಖಾಕಿ ಅಂಗಿ, ಕೈಯಲ್ಲೊಂದು ತಂಗಡಿ ಕಡ್ಡಿ.
ಕನಕಗಿರಿ ಸೀಮೆಯ ಉಸುಕು ನೆಲದಲ್ಲಿ
ಅವಳ ಹಿಂದೆ ನಾವು,
ಹಾಜರಿ ಹೇಳಿ ಮುಗಿಸಿದ ಶಾಲೆಮಕ್ಕಳ ಹಾಗೆ.

ನನಗೆ ಈ ನೆಲ ಹೊಸದಲ್ಲ. ಹೇಳಲಿಲ್ಲ.

ಉಸುಕಿನಲ್ಲಿ ಆಲಿಕೆಯಂಥ ಪುಟ್ಟ ಕುಣಿ.
"ತಳದಾಗ ಕುಂತಾನ ನೋಡ್ರಿ ಸಾವುಕಾರ,
ಜಾರಿ ಬಿದ್ದ ಇರುವಿ ಕಡಿಂದ ಬಡ್ಡಿ ಸೈತ ವಸೂಲಿ."
ಕರಡದ ಮುಳ್ಳುತೆನೆ ಪ್ಯಾಂಟಿಗೆ ಚುಚ್ಚಿಕೊಂಡಿತು.
"ಕೀಳಬ್ಯಾಡ್ರಿ, ಅದಕ್ಕೂ ಪರಊರಿಗೆ ಹೋಗೋದೈತಿ."
ರಾತ್ರಿ ತೋಳ ದಾಟಿದ ಹೆಜ್ಜೆ,
ದಾರಕ್ಕೆ ಪೋಣಿಸಿದಂತೆ ಒಂದೇ ಸಾಲು,
ಕೆಲಸವಿದ್ದವರು ನಡೆಯುವ ಹಾಗೆ.

ಎಂಬತ್ತಾರರಲ್ಲಿ ಇಲ್ಲೇ ನಿಂತು
ಸರಪಳಿ ಎಳೆಸಿದವನು ನಾನು.
ಆ ತುದಿಗೆ ಯಂಕೋಬ,
ಈ ತುದಿಗೆ ನಾನು, ನನ್ನ ಛತ್ರಿ,
ನಡುವೆ ಮೂವತ್ತಮೂರು ಅಡಿ ಬಿಸಿಲು.
ಹಳ್ಳಕ್ಕೆ, ಬಂಡೆಗೆ, ಬಾಂದುಕಲ್ಲಿಗೆ
ನಕಾಶೆಯಲ್ಲಿ ಒಂದೊಂದು ಗುರುತಿತ್ತು.
ಹುಲ್ಲಿಗೆ ಇರಲಿಲ್ಲ.
ಷರಾ ಕಲಮಿನಲ್ಲಿ ಬರೆದೆ: ಖರಾಬು.
ಅಕ್ಷರ ದುಂಡಗಿದ್ದವು, ಸಾಹೇಬರು ಹೊಗಳಿದರು.

"ನಿಲ್ರಿ."
ತಂಗಡಿ ಕಡ್ಡಿ ಅಡ್ಡ ಬಂತು.
ಏನೂ ಕಾಣಲಿಲ್ಲ.
ನಾಲ್ಕು ಹರಳು, ಮಣ್ಣಿನದೇ ಬಣ್ಣ, ಮೇಲೆ ಕರಿಚುಕ್ಕಿ.
ನೋಡನೋಡುತ್ತ ಹರಳು ಮೊಟ್ಟೆಯಾದವು.
ತಲೆಯ ಮೇಲೊಂದು ಟಿಟ್ಟಿಭ
ನಮ್ಮ ಏಳು ತಲೆಮಾರನ್ನು ಬೈಯುತ್ತ ಸುತ್ತಿತು.
ಹುಲಿಗೆವ್ವ ಎಡಗೈ ಮೊಣಕಾಲ ಮಟ್ಟಕ್ಕೆ ಎತ್ತಿ,
ಕಾಣದ್ದೇನನ್ನೋ ನೆಲಕ್ಕೆ ತಾಗದಂತೆ ಹಿಡಿದು,
ನಮ್ಮನ್ನು ಬಳಸಿ ದಾಟಿಸಿದಳು.

ಆ ಕೈ ನಾನು ನೋಡಿದ್ದೆ.

ಯಂಕೋಬ ಒಮ್ಮೊಮ್ಮೆ ಹೀಗೇ
ಸರಪಳಿ ಎತ್ತಿ ಸುಮ್ಮನೆ ಬಳಸಿ ಬರುತ್ತಿದ್ದ.
ಅಳತೆ ಅರ್ಧ ಆಣೆ ತಪ್ಪುತ್ತಿತ್ತು.
"ಬೆಳಿಗ್ಗೇನೇ ಕುಡಿದು ಬಂದೀಯೇನೋ?"
ಅವನು ಉತ್ತರ ಕೊಡಲಿಲ್ಲ.
ಮತ್ತೆ ಅಳೆದೆವು.
ಮತ್ತೆ ಅಷ್ಟೇ, ಅದೇ ಜಾಗದಲ್ಲಿ, ತಪ್ಪಿತು.
ಆ ಅರ್ಧ ಆಣೆಯನ್ನು ನಾನೇ ಕಾಗದದಲ್ಲಿ ಸರಿಮಾಡಿದೆ.

ನಿಮ್ಮಪ್ಪನ ಹೆಸರೇನವ್ವ,
ಕೇಳಲು ಬಾಯಿ ತೆರೆದೆ.
"ಮಾತು ಬಾಗಿಲದಾಗ ಬಿಟ್ಟು ಬಂದೀರಲ್ರೀ ಸರ,"
ಅಂದು ಮುಂದೆ ನಡೆದಳು, ತಿರುಗಿ ನೋಡದೆ.

ನೆಲಗುಬ್ಬಿಯೊಂದು ಹುಲ್ಲಿನಿಂದ ಚಿಮ್ಮಿ
ಕಣ್ಣಿಗೆ ಸಿಗದಷ್ಟು ಮೇಲೆ ಹೋಗಿ
ಅಲ್ಲೇ ನಿಂತು ಕೂಗಿತು.
ಅಷ್ಟು ಎತ್ತರಕ್ಕೆ ನನ್ನ ಬಳಿ ಸರ್ವೆ ನಂಬರಿಲ್ಲ.

ಗಂಗಾವತಿಗೆ ಬಂದು ಪ್ಯಾಂಟು ಗೂಟಕ್ಕೆ ಹಾಕಿದೆ.
ಹದಿನೇಳು ತೆನೆ.
ಎಣಿಸಿದೆ, ಹಳೆಯ ಚಾಳಿ.
ಒಗೆಯಲು ಕೊಟ್ಟಿಲ್ಲ ಇನ್ನೂ.