ಕಂಠದಾನ

ಮೂರು ಭಾಗಗಳಲ್ಲೂ ಅವನಿಗೆ ನೋವೇ ಇರಲಿಲ್ಲ.
ಬಾಣ, ಬಾಂಬು, ಉರಿಯುವ ಕಡಲು—
ಮೈಕಿನ ಮುಂದೆ ನಾನೊಮ್ಮೆ "ಹ್ಞಾ!" ಅಂದರೆ
ಕೊಡವಿಕೊಂಡು ಏಳುತ್ತಿದ್ದ.

ಇದು ನಾಲ್ಕನೆಯದು.
ಗಾಂಧಿನಗರ, ಮೂರನೇ ಮಹಡಿ,
ಸದ್ದು ಮಾಡುತ್ತದೆಂದು ಎಸಿ ಆರಿಸಿದ್ದಾರೆ.
ಗಾಜಿನಾಚೆಯಿಂದ ಫ್ಲೋರಿ:
"ಸಂಪಂಗಿ ಸರ್, ಇದರಲ್ಲಿ ಅವನಿಗೆ ರಕ್ತ ಬರುತ್ತೆ."

ಪರದೆಯಲ್ಲಿ ಎಂಟುನೂರು ವರ್ಷದ ಹುಡುಗ
ಬೆರಳ ತುದಿಯ ಕೆಂಪು ನೋಡುತ್ತಾನೆ,
ಯಾರದೋ ಹೆಸರಿನ ಕಾಗದ
ತನ್ನ ಮನೆಗೆ ಬಂದ ಹಾಗೆ.
ತುಟಿ ಅಲುಗುವುದು ಒಂದೂವರೆ ಸೆಕೆಂಡು.
ಅಷ್ಟರೊಳಗೆ ಕನ್ನಡ ಕೂರಬೇಕು.

ಮೊದಲ ಟೇಕು: ತುಂಬ ಗಟ್ಟಿ.
ನಾಲ್ಕು: ಅಳು ಜಾಸ್ತಿ, ನಾಟಕದ ಕಂಪನಿ.
ಏಳು: ಕೆಮ್ಮು.
ಅದು ಅವನದಲ್ಲ, ನನ್ನದು.
ಕಿದ್ವಾಯಿಯಲ್ಲಿ ಬೆಳಿಗ್ಗೆ ಟೋಕನ್ ಹಿಡಿದು ಕೂತಿದ್ದೆ;
ಕಡಲೆಕಾಳಿನಷ್ಟು, ಅಂದರು ಡಾಕ್ಟರು,
ರಶೀತಿಯ ಬೆನ್ನಿಗೆ ನನ್ನ ಗಂಟಲ ಚಿತ್ರ ಬರೆದು.
ಫ್ಲೋರಿಗೆ ಹೇಳಿಲ್ಲ. ಪ್ರೊಡ್ಯೂಸರಿಗಂತೂ—
ಇನ್ನೂ ಅರ್ಧ ಪೇಮೆಂಟು ಬಾಕಿ.

ಬಿಡುವಿನಲ್ಲಿ ಕಿಟಕಿ ತೆಗೆದರು.
ಕೆಳಗೆ ಯಾವನೋ ಕಂಡಕ್ಟರು
"ಯಶ್ವಂತ್ಪುರ ಯಶ್ವಂತ್ಪುರ ಯಶ್ವಂತ್ಪುರ"
ಒಂದು ಸಲ ಅಂದರೆ ಸಾಲದೇ ಮಾರಾಯ,
ಎಷ್ಟು ದುಂದು, ಆ ಗಂಟಲು!

ಹನ್ನೊಂದನೇ ಟೇಕಿಗೆ
ಅವನ ಬಾಯಿ ನೋಡುವುದನ್ನೇ ಬಿಟ್ಟೆ.
ಬೆರಳು ನೋಡಿದೆ.
"ಓ," ಅಂದೆ.
ಮೈಗೆ ಸೋಪು ಹಚ್ಚಿಕೊಂಡಾಗ
ನಲ್ಲಿ ನಿಂತರೆ ಅನ್ನುತ್ತೇವಲ್ಲ,
ಅಂಥದೊಂದು "ಓ."

ಫ್ಲೋರಿ ಹೆಡ್‌ಫೋನು ತೆಗೆದು
ಮಡಿಲಲ್ಲಿಟ್ಟುಕೊಂಡಳು.
"ತುಟಿಗೆ ಕೂರಲಿಲ್ಲ ಸರ್," ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಆದರೂ ಇರಲಿ."