ವಾರಿಜಾಕ್ ವಿಚಾರ್

ಪೈ ಎಂದರೆ ಅಮ್ಮನಿಗೆ
ಕಾರ್‌ಸ್ಟ್ರೀಟಿನ ಬಟ್ಟೆಯಂಗಡಿಯ ಯಜಮಾನರು.
ಅವರ ಹೆಸರನ್ನು ತಿಂಡಿಗೆ ಇಟ್ಟವರು ಯಾರೋ,
ಕೇಳಿದರೆ ಬೇಸರ ಆಗಲಿಕ್ಕಿಲ್ಲವಾ ಪಾಪ,
ಎಂದು ನಗುತ್ತಿದ್ದವಳು
ಇಪ್ಪತ್ತಾರು ವರ್ಷ
ಜೆಪ್ಪುವಿನ ಅಪೊಲೀನ್ ಬಾಯಿಯ ಅಡುಗೆಕೋಣೆಯಲ್ಲಿ
ಪ್ರತಿ ಡಿಸೆಂಬರ್ ಅದನ್ನೇ ಬೇಯಿಸಿದಳು.

ಬಾಯಿಯ ಪುಸ್ತಕ ಈಗ ನನ್ನ ಹತ್ತಿರ ಉಂಟು.
ಆ ಮನೆ ಖಾಲಿ ಮಾಡುವ ದಿನ
ಹಳೇ ಪೇಪರಿನ ರಾಶಿಯಿಂದ ಸೊಸೆ ಎತ್ತಿ ಕೊಟ್ಟದ್ದು,
ಜೊತೆಗೆ ಅಂಚು ಮುರುಟಿದ ಒಂದು ತಗಡಿನ ತಟ್ಟೆ.
ಕನ್ನಡ ಅಕ್ಷರ, ಕೊಂಕಣಿ ಮಾತು.
ಹಡಗಿನಲ್ಲಿ ಕುಕ್ ಆಗಿದ್ದ ಗಂಡ
ಯಾವ ಬಂದರಿನಿಂದಲೋ ಬಾಯಿಪಾಠ ಮಾಡಿ ತಂದ ಚಾಕಲೇಟ್ ಪೈ:
ಬೆಣ್ಣೆ ಆರಾಣೆಯದ್ದು.
ಸಕ್ಕರೆ ನೀಲಿ ಕಪ್ಪಿನಲ್ಲಿ ಒಂದು, ತಲೆ ತಟ್ಟಿ.
ಕೋಕೋ ಕಣ್ಣಂದಾಜು.
ಒಂದು ತೇರ್ಸ್ ಮುಗಿಯುವವರೆಗೆ ಬೇಯಲಿ.

ಆರಾಣೆಗೆ ಎಷ್ಟು ಬೆಣ್ಣೆ ಬರುತ್ತಿತ್ತು?
ನೀಲಿ ಕಪ್ಪು ಒಡೆದು ಯಾವ ಕಾಲವಾಯಿತೋ.
ಪಕ್ಕದ ಮನೆಯ ಲವೀನಾಗೆ ಫೋನ್ ಮಾಡಿದೆ,
ತೇರ್ಸ್ ಎಷ್ಟು ಹೊತ್ತು ಮಾರಾಯ್ತಿ?
ಇಪ್ಪತ್ತು ನಿಮಿಷ, ಎಂದಳು,
ನನ್ನ ಅಜ್ಜಿ ಹೇಳಿದರೆ ಮುಕ್ಕಾಲು ಗಂಟೆ,
ಮಧ್ಯೆ ಕೋಳಿ ಓಡಿಸಲಿಕ್ಕೆ ಉಂಟಲ್ಲ.

ಹಿಟ್ಟಿನ ಜಾಗದಲ್ಲಿ ಮಾತ್ರ ಅಳತೆಯೇ ಇಲ್ಲ.
ಏನೋ ಬರೆದದ್ದನ್ನು ಗೀಚಿ ಹೊಡೆದುಹಾಕಿ
ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಎರಡೇ ಶಬ್ದ:
ವಾರಿಜಾಕ್ ವಿಚಾರ್.
ವಾರಿಜಳನ್ನು ಕೇಳು.

ಕೇಳಿದೆ.
ಅಮ್ಮ ಕುರ್ಚಿ ಎಳೆದು ಕೂತಳು, ಮೊಣಕಾಲು ನೀವುತ್ತ.
ಬೋಳಾರದ ಮೇ ತಿಂಗಳ ಮಧ್ಯಾಹ್ನ,
ಬೆಣ್ಣೆ ಪೊಟ್ಟಣದಿಂದ ಇಳಿಯುವ ಮೊದಲೇ ಎಣ್ಣೆ.
ಫ್ರಿಜ್ಜಿನಲ್ಲಿಡು ಅದನ್ನು, ಹಿಟ್ಟನ್ನೂ ಇಡು,
ನಿನ್ನ ಕೈಯನ್ನೂ ಇಡು.
ಚಪಾತಿಯ ಹಾಗೆ ನಾದಬೇಡ. ಬೆರಳ ತುದಿ, ಅಷ್ಟೆ.
ತೌಡಿನ ಹಾಗೆ ಉದುರಬೇಕು.
ಈಗ ನೀರು ಚಿಮುಕಿಸು. ಸಾಕು.
ಸಾಕು ಅಂದೆನಲ್ಲ!

ಅವಳ ಕಾಲದಲ್ಲಿ ಓವನ್ ಎಂದರೆ
ಮರಳು ಹಾಸಿದ ಅಲ್ಯುಮಿನಿಯಂ ಪಾತ್ರೆ, ಮುಚ್ಚಳದ ಮೇಲೆ ಕೆಂಡ.
ಮೇಲಿನ ಬೆಂಕಿ ಎಷ್ಟು, ಕೆಳಗಿನದು ಎಷ್ಟು
ಮುಖಕ್ಕೇ ಗೊತ್ತಾಗುತ್ತಿತ್ತು.
ಈಗಲೂ ನನ್ನ ಓಟಿಜಿಯ ಗಾಜಿನ ಹತ್ತಿರ ಕೆನ್ನೆ ಹಿಡಿದು
ಹತ್ತು ಡಿಗ್ರಿ ಕಡಿಮೆ ಮಾಡು ಎನ್ನುತ್ತಾಳೆ,
ಎಷ್ಟು ಡಿಗ್ರಿ ಇಟ್ಟಿದ್ದೇನೆಂದು ಕೇಳದೆ.

ಕೋಕೋ, ಹಾಲು, ಮೊಟ್ಟೆಯ ಹಳದಿ
ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ.
ಮೊದಲು ಏನೂ ಆಗುವುದಿಲ್ಲ.
ಬಹಳ ಹೊತ್ತು ಏನೂ ಆಗುವುದಿಲ್ಲ.
ಆಮೇಲೆ ಒಮ್ಮೆಲೇ ಸೌಟು ಭಾರ,
ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ.
ಒಂದು ಗುಳ್ಳೆ ಪುಳಕ್ಕೆಂದು ಒಡೆಯಿತು.
ಇಳಿಸು, ಎಂದಳು ಅಮ್ಮ ಕುರ್ಚಿಯಿಂದಲೇ, ನೋಡದೆ.

ಪೈ ಆಯಿತು. ಒಂದು ಬದಿ ಬಿರುಕು.
ಮೇಲಿನ ಬಿಳಿ ನೊರೆ ನಮ್ಮಷ್ಟೇ ಬೆವರಿತ್ತು.
ನಡುವಿನಿಂದ ಮೊದಲ ತುಂಡು ಅವಳಿಗೆ ಕೊಟ್ಟೆ.
ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು.
ಆ ಮನೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು
ತಗಡಿಗೆ ಅಂಟಿದ ಅಂಚು.
ಅದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ತಿಂದಳು, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಕಣ್ಣು ಕಿರಿದು ಮಾಡಿ.
ಸಪ್ಪೆ.
ಇಷ್ಟು ಸಕ್ಕರೆಯಲ್ಲಿ ಸಪ್ಪೆಯಾ?
ಉಪ್ಪು ಹಾಕಲಿಲ್ಲ ನೀನು.
ಪುಸ್ತಕದಲ್ಲಿ ಇಲ್ಲವಲ್ಲ ಅಮ್ಮ.
ಇರುವುದು ಹೇಗೆ? ಬಾಯಿ ಜಪಕ್ಕೆ ಕೂತ ಮೇಲೆ
ನಾನು ಹಾಕುತ್ತಿದ್ದದ್ದು ಅದು, ಹರಳುಪ್ಪು ಪುಡಿ ಮಾಡಿ.
ಇಪ್ಪತ್ತಾರು ವರ್ಷ ಅವರಿಗೆ ಗೊತ್ತೇ ಆಗಲಿಲ್ಲ.

ಉಪ್ಪು ತಿಂದ ಮನೆ ಅದು,
ಎದುರು ಮಾತಾಡಬೇಡ ಎಂದು
ಎಷ್ಟು ಸಲ ಗದರಿದ್ದಳು ನನಗೆ, ಇದೇ ಬಾಯಲ್ಲಿ.

ಪೆನ್ನು ತಂದೆ. ಎಷ್ಟು ಎಂದು ಬರೆಯಲಿ?
ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದು ತೋರಿಸಿದಳು:
ಇಷ್ಟು.
ಆಮೇಲೆ, ಬರೆಯುವುದೆಲ್ಲ ಇರಲಿ,
ಆ ಲವೀನಾಗೆ ಒಂದು ತುಂಡು ಕೊಟ್ಟು ಬಾ, ಎಂದಳು.
ಅಂಚಿನದ್ದಲ್ಲ.