ಒಂದು ಗೇಣು

ಜುಬೈಲಿನ ಈ ಎರಡನೇ ಮಹಡಿಯ ಕೋಣೆಯಲ್ಲಿ
ಎಸಿಯ ಗೊರಗೊರ, ಒಂದು ಮೈಕು, ಎರಡು ಪರದೆ.
ಸಾರುವೆ ಕಟ್ಟುವವರಿಗೆ ಪಾಠ ಕಟ್ಟುವುದು ನನ್ನ ಕೆಲಸ.
ನಾನು ಏಣಿ ಹತ್ತಿದ್ದು ಬಲ್ಬು ಬದಲಿಸಲು ಮಾತ್ರ.

ಪುಸ್ತಕಗಳಿದ್ದವು ಬಳಿಯಲ್ಲಿ.
ಸರಿಯುತ್ತರಕ್ಕೆ ಬಹುಮಾನ ಕೊಡು ಎಂದಿತು ಒಂದು;
ಕೊಟ್ಟೆ, ಥಳಥಳಿಸುವ ಹಳದಿ ನಕ್ಷತ್ರ.
"ಐದು ಕೂಡಿಸಿದ್ರ ಒಂದು ಓವರ್‌ಟೈಮ್ ಆಗತ್ತೇನ್ರಿ ಮೇಡಂ?"
ಎಂದು ಕೇಳಿದ ರಾಣೆಬೆನ್ನೂರಿನ ಗುಡ್ಡಪ್ಪ.
ತಲೆಯೊಂದು ಸಣ್ಣ ಚೀಲ, ತುತ್ತುತುತ್ತಾಗಿ ತುಂಬು ಎಂದಿತು ಇನ್ನೊಂದು.
ಇಪ್ಪತ್ತು ನಿಮಿಷದ ಪಾಠ ಕೊಯ್ದು ನಾಲ್ಕು ನಾಲ್ಕು ನಿಮಿಷ ಮಾಡಿದೆ:
ಬಸ್ಸಿನ ಸಾಲಲ್ಲಿ ನಿಂತು ಒಂದು,
ಬಚ್ಚಲ ಮುಂದೆ ಬಕೆಟ್ಟು ಹಿಡಿದು ಇನ್ನೊಂದು.

ಆದರೂ ಮೂರನೇ ಪಾಠಕ್ಕೆ ಬಂದವರು ಮುಂದೆ ಹೋಗಲಿಲ್ಲ.
ನನ್ನ ಪಟ್ಟಿಯಲ್ಲಿ ಎಲ್ಲರ ಹೆಸರಿಗೂ ಕೆಂಪು ಗೆರೆ.
ಅದರಲ್ಲೂ ಒಬ್ಬ, ಇದ್ದಿನಬ್ಬ, ಉಪ್ಪಿನಂಗಡಿ, ವಯಸ್ಸು ನಲವತ್ತೊಂಬತ್ತು:
ಅದೇ ಒಂದು ಚಿತ್ರ, ರಾತ್ರಿ ಹನ್ನೊಂದೂವರೆಗೆ,
ಒಂಬತ್ತು ರಾತ್ರಿ ಸಾಲಾಗಿ.
ಪಾಪ, ಅರ್ಥವಾಗುತ್ತಿಲ್ಲ ಎಂದುಕೊಂಡೆ.
ಅಂಚಿಗೆ ಇನ್ನೊಂದು ಸುಳಿವು ಸೇರಿಸಿದೆ,
ಬಾಣದ ಗುರುತು ಹಾಕಿದೆ,
ದನಿಯನ್ನು ಮಗುವಿಗೆ ಉಣ್ಣಿಸುವ ಹದಕ್ಕೆ ಇಳಿಸಿದೆ.

ಶುಕ್ರವಾರ ಮಧ್ಯಾಹ್ನ ಅವನ ದನಿ ಬಂತು ಫೋನಿಗೆ,
ಹಿಂದೆ ಯಾರೋ ಈರುಳ್ಳಿ ಹುರಿಯುವ ಸದ್ದು:
"ಮೇಡಂ, ಬೇಜಾರು ಮಾಡ್ಬೇಡಿ, ಒಂದು ಮಾತುಂಟು.
ನಿಮ್ಮ ಚಿತ್ರದ ಹಲಗೆ ಕಂಬಿಯಿಂದಾಚೆ ಎರಡು ಬೆರಳು ಮಾತ್ರ ಉಂಟು.
ಅದರ ಮೇಲೆ ಕಾಲಿಟ್ಟವ ಕೆಳಗೆ.
ಒಂದು ಗೇಣು ಬೇಕು ಮಾರಾಯ್ರೆ.
ಎರಡು ಗೇಣಾದರೆ ಪುನಃ ತೊಂದರೆ, ತಕ್ಕಡಿಯ ಹಾಗೆ ಏಳ್ತದೆ.
ರೂಮಿನ ಹುಡುಗರಿಗೆ ದಿನಾ ತೋರಿಸ್ತಾ ಇದ್ದೇನೆ,
ಇದರಲ್ಲಿ ತಪ್ಪೆಲ್ಲಿ ಹೇಳಿ ಅಂತ.
ಒಳ್ಳೆ ಪಾಠ ಅದು. ತೆಗೀಬೇಡಿ."

ಕೈ ಚಾಚಿ ನೋಡಿದೆ.
ಹೆಬ್ಬೆರಳಿಂದ ಕಿರುಬೆರಳವರೆಗೆ, ಮೇಜಿನ ಅಂಚಿನ ಮೇಲೆ,
ನನ್ನ ಗೇಣು.

ದೊಡ್ಡವರು ಪಾಠಕ್ಕೆ ಬರಿಗೈಲಿ ಬರುವುದಿಲ್ಲ:
ಈ ಮಾತಿಗೆ ನಾನು ಎಂದೋ ಅಡಿಗೆರೆ ಎಳೆದಿದ್ದೆ,
ಪರೀಕ್ಷೆಯಲ್ಲಿ ಬರೆದು ಹದಿನಾಲ್ಕು ಅಂಕ ಪಡೆದಿದ್ದೆ.

ಈಗ ಮೂರನೇ ಪಾಠ ತೆರೆದರೆ
ಮೊದಲಿಗೇ ತಪ್ಪು ಹಲಗೆ. ಕೆಳಗೆ ಒಂದಕ್ಷರವೂ ಇಲ್ಲ.
ಮೈಕಿನ ಗುರುತು ಒತ್ತಿ ಅವರೇ ಮಾತಾಡಬೇಕು,
ಕನ್ನಡ, ತುಳು, ಬ್ಯಾರಿ, ಬಂದದ್ದರಲ್ಲಿ.
ಗುಡ್ಡಪ್ಪ ಬೈದ. ಒಬ್ಬ ಬರೀ ನಕ್ಕ.
ಇನ್ನೊಬ್ಬ ತಾನು ಬಿದ್ದದ್ದನ್ನು ಹೇಳಿದ, ಯಾನ್ಬುವಿನಲ್ಲಿ, ಮಗ್ಗುಲಿಗೇ;
ಹೇಳುತ್ತ ನಿಲ್ಲಿಸಿ, ಮೈಕು ಆರಿಸುವುದ ಮರೆತ.
ಮೂರು ನಿಮಿಷದ ಆ ಮೌನವನ್ನು ನಾನು ಕತ್ತರಿಸಿಲ್ಲ.

ಸುಳಿವುಗಳನ್ನು ಒಂದೊಂದೇ ಕಳಚುತ್ತಿದ್ದೇನೆ.
ಬಾಣ ಹೋಯಿತು, ಬಣ್ಣ ಹೋಯಿತು, ನನ್ನ ದನಿ ಅರ್ಧ ಹೋಯಿತು.
ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ ಎನ್ನುತ್ತಾನೆ ಇದ್ದಿನಬ್ಬ:
ಮೇಲಿಂದ ಬಿಚ್ಚುತ್ತ ಬರಬೇಕು,
ಬಿಚ್ಚುವವ ನಿಂತಿರುವುದು
ಬಿಚ್ಚಬೇಕಾದ್ದರ ಮೇಲೆಯೇ.

ಕಿಟಕಿಯಾಚೆ ರಿಫೈನರಿಯ ಜ್ವಾಲೆ, ಗಾಜಿನ ಮೇಲೆ ಉಪ್ಪು.
ನಾಲ್ಕನೇ ಪಾಠ: ಕಂಬದ ಪಾದದಡಿಯ ಮಣೆ.
ಚಿತ್ರ ಬರೆಯುವ ಮುನ್ನ ಅವನಿಗೊಂದು ಪ್ರಶ್ನೆ ಕಳಿಸಿದ್ದೇನೆ.
ನೀಲಿ ಗುರುತು ಬಂದಿಲ್ಲ ಇನ್ನೂ.
ಮೇಲೆಲ್ಲೋ ಇರಬೇಕು, ಶಿಫ್ಟಿನಲ್ಲಿ.